ಪೈಥಾನ್ ಕಲಿಯಲು ಪುಸ್ತಕ ಆರಿಸುವುದು ಹೇಗೆ? ಕೊಳ್ಳುವ ಮುಂಚೆ ಮಾಡಬೇಕಾದ ಪರೀಕ್ಷೆಗಳು

ನಮ್ಮ ಅಕ್ಕನ ಮಗಳು ದಾವಣಗೆರೆಯಲ್ಲಿ ಬಿಕಾಂ ಕೊನೆಯ ವರ್ಷ ಓದುತ್ತಿದ್ದಾಳೆ. ಹೋದ ಬೇಸಿಗೆಯಲ್ಲಿ ಫೋನ್ ಮಾಡಿ, “ಚಿಕ್ಕಮ್ಮಾ, ಪೈಥಾನ್ ಪುಸ್ತಕ ತಗೊಂಡು ಒಂದು ತಿಂಗಳಾಯ್ತು. ನಲವತ್ತನೇ ಪುಟ ದಾಟೋಕೆ ಆಗ್ತಿಲ್ಲ. ನನ್ನ ಕೈಲಿ ಇದು ಆಗಲ್ಲ ಅನ್ಸುತ್ತೆ” ಅಂದಳು. ಹಬ್ಬಕ್ಕೆ ಹೋದಾಗ ಆ ಪುಸ್ತಕ ನೋಡಿದೆ. ಇಟ್ಟಿಗೆಯಷ್ಟು ದಪ್ಪ, ಸಾವಿರಕ್ಕೂ ಜಾಸ್ತಿ ಪುಟ. ಪುಸ್ತಕ ಒಳ್ಳೆಯದೇ. ಆದರೆ ಮೊದಲ ನಲವತ್ತು ಪುಟವೆಲ್ಲ ಪೈಥಾನ್ ಒಳಗೊಳಗೇ ಹೇಗೆ ಓಡುತ್ತದೆ ಎಂಬ ವಿವರಣೆ. ಒಂದೇ ಒಂದು ಪ್ರೋಗ್ರಾಂ ಬರೆಯುವ ಕೆಲಸ ಅಲ್ಲಿವರೆಗೆ ಬಂದಿರಲಿಲ್ಲ. ಬೇರೆ ಭಾಷೆಯಲ್ಲಿ ಆಗಲೇ ಕೋಡ್ ಬರೆದು ಪಳಗಿದವರಿಗೆ ಅದು ಹಬ್ಬದೂಟ. ಇವಳಿಗೆ ಬೇಕಾಗಿದ್ದು ಮೊದಲ ತುತ್ತು.

ಹೀಗೆ ಪುಸ್ತಕದ ತಪ್ಪಿಗೆ ತಮ್ಮನ್ನೇ ದೂರಿಕೊಂಡು ಪ್ರೋಗ್ರಾಮಿಂಗ್ ಬಿಟ್ಟವರನ್ನು ನಾನು ತುಂಬಾ ನೋಡಿದ್ದೇನೆ. ಅದು ನನಗೆ ನಿಜಕ್ಕೂ ಬೇಜಾರಿನ ವಿಷಯ. ಪೈಥಾನ್ ಅಷ್ಟು ಕಷ್ಟದ ಭಾಷೆ ಅಲ್ಲ. ನೆದರ್ಲೆಂಡ್ಸ್‌ನ ಗೀಡೊ ವಾನ್ ರಾಸಮ್ 1991ರಲ್ಲಿ ಇದನ್ನು ಹೊರತಂದಾಗಲೇ, ಓದಿದರೆ ಅರ್ಥವಾಗುವ ಕೋಡ್ ಇರಬೇಕು ಎಂಬ ಆಸೆ ಇತ್ತು. ಸರಿಯಾದ ಪುಸ್ತಕ ಸಿಕ್ಕರೆ ಎರಡು ಮೂರು ತಿಂಗಳಲ್ಲಿ ಉಪಯೋಗಕ್ಕೆ ಬರುವಷ್ಟು ಕಲಿಯಬಹುದು. ಹಾಗಾಗಿ ಪುಸ್ತಕ ಆರಿಸಲು ನಾನು ಮಾಡುವ ಕೆಲಸವನ್ನು ಒಂದೊಂದಾಗಿ ಇಲ್ಲಿ ಬರೆಯುತ್ತಿದ್ದೇನೆ.

ಹೆಜ್ಜೆ 1: ಯಾಕೆ ಕಲಿಯಬೇಕು, ಒಂದು ಸಾಲು ಬರೆಯಿರಿ

ಮನಸ್ಸಲ್ಲಿ ಅಂದುಕೊಂಡರೆ ಸಾಲದು. ಒಂದು ಚೀಟಿಯಲ್ಲಿ ಬರೆಯಿರಿ. “ಎಲ್ಲರೂ ಕಲೀತಿದ್ದಾರೆ” ಅಂತ ಬರೆದರೆ ಪುಸ್ತಕ ಆರಿಸಲು ಆಗುವುದಿಲ್ಲ. “ಆಫೀಸಿನಲ್ಲಿ ದಿನಾ ಇಪ್ಪತ್ತು ಎಕ್ಸೆಲ್ ಫೈಲು ಒಟ್ಟು ಮಾಡೋ ಕೆಲಸ ತಪ್ಪಿಸಿಕೊಳ್ಳಬೇಕು” ಅಂತ ಬರೆದರೆ ಅರ್ಧ ಆಯ್ಕೆ ಅಲ್ಲೇ ಮುಗಿಯಿತು.

ಅಂಥ ಕೆಲಸಕ್ಕೆ ಆಲ್ ಸ್ವೈಗಾರ್ಟ್ ಬರೆದ ‘ಆಟೊಮೇಟ್ ದಿ ಬೋರಿಂಗ್ ಸ್ಟಫ್ ವಿತ್ ಪೈಥಾನ್’ ನೋಡಿ. ಮೊದಲ ಭಾಗದಲ್ಲಿ ಭಾಷೆಯ ಮೂಲ ಪಾಠ. ಆಮೇಲೆ ಫೈಲುಗಳ ಹೆಸರು ಬದಲಿಸುವುದು, ಎಕ್ಸೆಲ್ ಓದುವುದು, ಪಿಡಿಎಫ್ ಜೋಡಿಸುವುದು, ಹೀಗೆ ಆಫೀಸಿನ ಕೆಲಸಗಳೇ ಬರುತ್ತವೆ. ಲೇಖಕರ ಜಾಲತಾಣದಲ್ಲಿ ಪೂರ್ತಿ ಪುಸ್ತಕ ಉಚಿತ.

ಪ್ರೋಗ್ರಾಮರ್ ತರಹ ಯೋಚನೆ ಮಾಡುವುದನ್ನು ತಳದಿಂದ ಕಲಿಯಬೇಕು ಅನ್ನುವವರಿಗೆ ಆಲನ್ ಡೌನಿಯವರ ‘ಥಿಂಕ್ ಪೈಥಾನ್’. ಇದೂ ಉಚಿತವಾಗಿ ಸಿಗುತ್ತದೆ. 2024ರಲ್ಲಿ ಮೂರನೇ ಎಡಿಷನ್ ಬಂದಿದೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) 2018ರ ಪಠ್ಯಕ್ರಮದಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಈ ಎರಡೂ ಹೆಸರು ಗೊತ್ತಿರುತ್ತದೆ. ಪೈಥಾನ್ ವಿಷಯಕ್ಕೆ ಇವೇ ಪಠ್ಯಪುಸ್ತಕಗಳಾಗಿದ್ದವು. ಪರೀಕ್ಷೆಗೆ ಗೈಡ್ ಓದಿ ಮುಗಿಸಿದವರು ಈಗಲಾದರೂ ಮೂಲ ಪುಸ್ತಕ ತೆರೆದು ನೋಡಿ. ಗೈಡಿನಲ್ಲಿ ಸಿಗದ ರುಚಿ ಅಲ್ಲಿದೆ.

ಏನಾದರೂ ಕಟ್ಟಿ ನಾಲ್ಕು ಜನಕ್ಕೆ ತೋರಿಸಬೇಕು ಅನ್ನುವ ಹುಮ್ಮಸ್ಸು ಇದ್ದರೆ ಎರಿಕ್ ಮ್ಯಾಥೆಸ್ ಅವರ ‘ಪೈಥಾನ್ ಕ್ರ್ಯಾಶ್ ಕೋರ್ಸ್’. ಮೊದಲು ಪಾಠ, ಆಮೇಲೆ ಮೂರು ದೊಡ್ಡ ಪ್ರಾಜೆಕ್ಟ್: ಒಂದು ಆಟ, ಒಂದಿಷ್ಟು ಗ್ರಾಫ್‌ಗಳು, ಒಂದು ವೆಬ್ ಆ್ಯಪ್. 2023ರ ಮೂರನೇ ಎಡಿಷನ್ ತೆಗೆದುಕೊಳ್ಳಿ.

ಹೈಸ್ಕೂಲು ಮುಗಿಸಿದ ಮಕ್ಕಳಿಗೆ ನಾನು ಮೊದಲು ಹೇಳುವುದು ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿಯ ಕಂಪ್ಯೂಟರ್ ಸೈನ್ಸ್ ಪುಸ್ತಕ. ಪಿಡಿಎಫ್ ಉಚಿತ. ನಾಲ್ಕನೇ ಅಧ್ಯಾಯದಲ್ಲಿ ಫ್ಲೋಚಾರ್ಟ್ ಬಿಡಿಸಿ ಯೋಚಿಸುವುದನ್ನು ಕಲಿಸಿ, ಐದರಲ್ಲಿ ಪೈಥಾನ್ ಶುರು ಮಾಡುತ್ತಾರೆ. ಬಣ್ಣ ಬಣ್ಣದ ಪುಸ್ತಕಗಳ ಮುಂದೆ ಇದು ಸಪ್ಪೆ ಕಾಣಬಹುದು. ಆದರೆ ಕ್ರಮ ಚೆನ್ನಾಗಿದೆ. ಅಂಕಗಣಿತ ಕಲಿತ ನಮ್ಮ ಮಕ್ಕಳಿಗೆ ಗೊತ್ತಿರುವ ಲೆಕ್ಕಗಳೇ ಉದಾಹರಣೆಗೆ ಬರುತ್ತವೆ.

ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದಿದ ಸ್ವರೂಪ್ ಸಿ. ಎಚ್. ಬರೆದ ‘ಎ ಬೈಟ್ ಆಫ್ ಪೈಥಾನ್’ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ನಮ್ಮವರೊಬ್ಬರು ಬರೆದು, ಯಾರು ಬೇಕಾದರೂ ಓದಲಿ ಅಂತ ಉಚಿತವಾಗಿ ಬಿಟ್ಟ ಪುಸ್ತಕ ಪ್ರಪಂಚದ ಹಲವು ಭಾಷೆಗಳಿಗೆ ಹೋಗಿದೆ. ಚಿಕ್ಕ ಪುಸ್ತಕ, ಮಾತು ನೇರ. ಅಭ್ಯಾಸದ ಲೆಕ್ಕಗಳು ಕಡಿಮೆ, ಅದಕ್ಕೆ ಇನ್ನೊಂದು ಪುಸ್ತಕದ ಜೊತೆ ಓದಿದರೆ ಒಳ್ಳೆಯದು.

‘ಫ್ಲೂಯೆಂಟ್ ಪೈಥಾನ್’ ತುಂಬ ಒಳ್ಳೆಯ ಪುಸ್ತಕ ಅಂತ ಯಾರಾದರೂ ಹೇಳುತ್ತಾರೆ. ನಿಜ. ಆದರೆ ಅದು ಆಗಲೇ ಪೈಥಾನ್ ಬಲ್ಲವರಿಗೆ. ಈಗ ಬೇಡ, ಎರಡು ವರ್ಷ ಬಿಟ್ಟು ಓದಿ.

ಹೆಜ್ಜೆ 2: ಯಾವ ಕಾಲದ ಪೈಥಾನ್ ಅಂತ ನೋಡಿ

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲೋ ಚರ್ಚ್ ಸ್ಟ್ರೀಟ್‌ನಲ್ಲೋ ಸೆಕೆಂಡ್ ಹ್ಯಾಂಡ್ ಪುಸ್ತಕ ಹುಡುಕುವವರು ಇದನ್ನು ಮರೆಯಬಾರದು. ಪೈಥಾನ್ 2, ಪೈಥಾನ್ 3 ಅಂತ ಎರಡು ಕಾಲ ಇವೆ. ಪೈಥಾನ್ 3 ಬಂದದ್ದು 2008ರ ಡಿಸೆಂಬರ್‌ನಲ್ಲಿ. ಹಳೆಯದು ಅದರ ಜೊತೆಗೇ ಹನ್ನೊಂದು ವರ್ಷ ನಡೆದು, 2020ರ ಜನವರಿ 1ಕ್ಕೆ ಅದರ ಬೆಂಬಲ ನಿಂತಿತು. ಹಾಗಾಗಿ 2012ರಲ್ಲಿ ಅಚ್ಚಾದ ಪುಸ್ತಕ ಎರಡರಲ್ಲಿ ಯಾವುದೂ ಆಗಿರಬಹುದು. ಮುಖಪುಟ ನೋಡಿದರೆ ಗೊತ್ತಾಗುವುದಿಲ್ಲ.

ಒಳಗೆ ತೆರೆದು ಪ್ರಿಂಟ್ ಎಂಬ ಪದ ಇರುವ ಕೋಡ್ ಹುಡುಕಿ. ಪ್ರಿಂಟ್ ಆದ ಮೇಲೆ ಆವರಣ ಚಿಹ್ನೆ ಇದ್ದು, ಅದರೊಳಗೆ ಬರಹ ಇದ್ದರೆ ಅದು ಸಾಮಾನ್ಯವಾಗಿ ಪೈಥಾನ್ 3. ಪ್ರಿಂಟ್ ಆದ ಮೇಲೆ ಆವರಣವಿಲ್ಲದೆ ನೇರವಾಗಿ ಬರಹ ಶುರುವಾಗಿದ್ದರೆ ಪೈಥಾನ್ 2. ಪುಸ್ತಕ ಅಲ್ಲೇ ಇಟ್ಟು ಬನ್ನಿ, ಐವತ್ತು ರೂಪಾಯಿಗೆ ಕೊಟ್ಟರೂ ಬೇಡ. ಹೊಸ ಕಂಪ್ಯೂಟರ್‌ನಲ್ಲಿ ಅದರ ಮೊದಲ ಪ್ರೋಗ್ರಾಮೇ ಎರರ್ ಕೊಡುತ್ತದೆ. ಹೊಸಬರು ಮೊದಲ ದಿನವೇ ಕೈ ಚೆಲ್ಲುತ್ತಾರೆ.

ಇನ್ನೊಂದು ಗುರುತು ಎಫ್-ಸ್ಟ್ರಿಂಗ್. ಬರಹದ ಉದ್ಧರಣ ಚಿಹ್ನೆಗೆ ಮುಂಚೆ ಎಫ್ ಅಕ್ಷರ ಅಂಟಿಸಿ, ಒಳಗೆ ಹೂವಿನ ಆವರಣದಲ್ಲಿ ವೇರಿಯಬಲ್ (ಒಂದು ಬೆಲೆಯನ್ನು ಇಟ್ಟುಕೊಳ್ಳಲು ನಾವು ಕೊಡುವ ಹೆಸರು) ಬರೆಯುವ ರೀತಿ ಇದು. 2016ರ ಡಿಸೆಂಬರ್‌ನಲ್ಲಿ ಬಂದ 3.6ನೇ ಆವೃತ್ತಿಯಿಂದ ಇದೆ. ಈಗ ಎಲ್ಲರೂ ಬರೆಯುವುದು ಹೀಗೇ. ಮುಖಪುಟದಲ್ಲಿ ಈ ವರ್ಷದ ಎಡಿಷನ್ ಅಂತ ಅಚ್ಚು ಹಾಕಿ, ಒಳಗೆ ಎಲ್ಲೂ ಎಫ್-ಸ್ಟ್ರಿಂಗ್ ಇಲ್ಲದಿದ್ದರೆ, ಹಳೇ ಪುಸ್ತಕಕ್ಕೆ ಹೊಸ ರಟ್ಟು ಹಾಕಿದ್ದಾರೆ ಅಂತಲೇ ಲೆಕ್ಕ.

ಹಾಗಂತ ತೀರಾ ಹೊಸದೇ ಆಗಬೇಕು ಅಂತಿಲ್ಲ. ಈಗ ಪ್ರತಿ ಅಕ್ಟೋಬರ್‌ಗೆ ಪೈಥಾನ್‌ನ ಒಂದು ಹೊಸ ಆವೃತ್ತಿ ಬರುತ್ತದೆ. ಲಿಸ್ಟ್ (ಸಾಲಾಗಿ ಇಟ್ಟ ಮಾಹಿತಿ), ಲೂಪ್ (ಒಂದೇ ಕೆಲಸ ಮತ್ತೆ ಮತ್ತೆ ಮಾಡಿಸುವುದು), ಫಂಕ್ಷನ್ (ಹೆಸರಿಟ್ಟು ಬೇಕಾದಾಗ ಕರೆಯುವ ಕೋಡ್ ತುಂಡು) ಇವು ಬದಲಾಗುವುದಿಲ್ಲ. ಬೇಗ ಹಳತಾಗುವುದು ಹೊರಗಿನ ಲೈಬ್ರರಿಗಳನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡನ್ನು, ಬಳಸುವ ಅಧ್ಯಾಯಗಳು. ಉದಾಹರಣೆಗೆ ಪಿಡಿಎಫ್ ಓದಲು ಬಳಸುವ ಪೈಪಿಡಿಎಫ್2 ಲೈಬ್ರರಿ 2022ರ ಕೊನೆಯಲ್ಲಿ 3.0ನೇ ಆವೃತ್ತಿಗೆ ಬಂದಾಗ ಹಳೆಯ ಹೆಸರುಗಳನ್ನೇ ತೆಗೆದುಹಾಕಿತು. ಅದಕ್ಕೂ ಹಿಂದಿನ ಪುಸ್ತಕದ ಕೋಡ್ ಅಕ್ಷರ ಬಿಡದೆ ಟೈಪ್ ಮಾಡಿದರೂ ಓಡುವುದಿಲ್ಲ. ಹಳೇ ಎಡಿಷನ್ ಕೈಲಿದ್ದರೆ ಮೊದಲ ಅರ್ಧವನ್ನು ಧೈರ್ಯವಾಗಿ ಓದಿ. ಲೈಬ್ರರಿ ಅಧ್ಯಾಯಗಳನ್ನು ಮಾತ್ರ ಹೊಸ ಎಡಿಷನ್‌ನಲ್ಲಿ ನೋಡಿಕೊಳ್ಳಿ.

ಹೆಜ್ಜೆ 3: ಮೂರು ಪುಟಗಳ ಪರೀಕ್ಷೆ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ ಇದೇ. ಪೂರ್ತಿ ಪುಸ್ತಕ ಓದಿ ಆರಿಸಲು ಆಗುವುದಿಲ್ಲ, ಅಲ್ವಾ? ಆದರೆ ಮೂರು ಪುಟ ಓದಿದರೆ ಲೇಖಕರು ಹೊಸಬರ ಪಕ್ಕ ಕೂತು ಕಲಿಸಿದವರೋ ಅಲ್ಲವೋ ಗೊತ್ತಾಗುತ್ತದೆ.

ಮೊದಲನೆಯದು, ಇನ್‌ಪುಟ್ ಫಂಕ್ಷನ್ ಬರುವ ಪುಟ. ಪುಸ್ತಕದ ಹಿಂದಿನ ಇಂಡೆಕ್ಸ್‌ನಲ್ಲಿ ಸಿಗುತ್ತದೆ. ಇಲ್ಲಿ ಹೊಸಬರು ಬೀಳುವ ಗುಂಡಿ ಒಂದಿದೆ. ಪ್ರೋಗ್ರಾಂ ನಿಮ್ಮ ವಯಸ್ಸು ಕೇಳುತ್ತದೆ. ನೀವು 20 ಅಂತ ಟೈಪ್ ಮಾಡುತ್ತೀರಿ. ಪೈಥಾನ್ ಅದನ್ನು ಸಂಖ್ಯೆ ಅಂತ ತಿಳಿಯುವುದಿಲ್ಲ, ಎರಡು ಮತ್ತು ಸೊನ್ನೆ ಎಂಬ ಎರಡು ಅಕ್ಷರ ಅಂತ ಇಟ್ಟುಕೊಳ್ಳುತ್ತದೆ. ಅದಕ್ಕೆ 1 ಕೂಡಿಸಲು ಹೋದರೆ ಟೈಪ್‌ಎರರ್. ಅದನ್ನೇ 2ರಿಂದ ಗುಣಿಸಿದರೆ ಇನ್ನೂ ಕಷ್ಟ: ಎರರ್ ಬರುವುದೇ ಇಲ್ಲ, 40ರ ಬದಲು 2020 ಅಂತ ಬರುತ್ತದೆ! ಅಕ್ಷರಗಳನ್ನು ಎರಡು ಸಲ ಬರೆದು ಕೊಟ್ಟಿತು, ಅಷ್ಟೇ.

ಒಳ್ಳೆಯ ಪುಸ್ತಕ ನಿಮ್ಮನ್ನು ಬೇಕೆಂದೇ ಈ ಗುಂಡಿಯ ಹತ್ತಿರ ಕರೆದುಕೊಂಡು ಹೋಗುತ್ತದೆ. ತಪ್ಪು ಉತ್ತರ ತೋರಿಸುತ್ತದೆ. ಯಾಕೆ ಹೀಗಾಯಿತು ಅಂತ ಹೇಳಿ, ಆಮೇಲೆ ಅಕ್ಷರವನ್ನು ಸಂಖ್ಯೆ ಮಾಡಿಕೊಡುವ ಇಂಟ್ ಎಂಬ ಫಂಕ್ಷನ್ ಪರಿಚಯಿಸುತ್ತದೆ. ಕೆಲವು ಪುಸ್ತಕಗಳು ಮೊದಲ ಸಾಲಿನಿಂದಲೇ ಇಂಟ್ ಒಳಗೆ ಇನ್‌ಪುಟ್ ಸೇರಿಸಿ ಬರೆದು ಸುಮ್ನೆ ಮುಂದೆ ಹೋಗುತ್ತವೆ. ಓದುವವರು ಮಂತ್ರದ ಹಾಗೆ ಬಾಯಿಪಾಠ ಮಾಡುತ್ತಾರೆ. ಮುಂದೆ ಫೈಲಿನಿಂದ ಸಂಖ್ಯೆ ಓದುವ ದಿನ ಅದೇ ಗುಂಡಿಗೆ ಬಿದ್ದು, ಯಾಕೆ ಅಂತ ಗೊತ್ತಾಗದೆ ಒದ್ದಾಡುತ್ತಾರೆ.

ಎರಡನೆಯದು, ಫಂಕ್ಷನ್ ಅಧ್ಯಾಯದಲ್ಲಿ ರಿಟರ್ನ್ ಬರುವ ಪುಟ. ಉತ್ತರವನ್ನು ಪರದೆ ಮೇಲೆ ತೋರಿಸುವುದು ಬೇರೆ, ಕರೆದವರ ಕೈಗೆ ವಾಪಸ್ ಕೊಡುವುದು ಬೇರೆ. ಅಂಗಡಿಯಲ್ಲಿ ಒಟ್ಟು ಎಷ್ಟಾಯಿತು ಅಂತ ಬಾಯಲ್ಲಿ ಕೂಗಿ ಹೇಳುವುದಕ್ಕೂ ಬಿಲ್ ಬರೆದು ಕೈಗೆ ಕೊಡುವುದಕ್ಕೂ ಇರುವಷ್ಟು ವ್ಯತ್ಯಾಸ. ಬಿಲ್ ಕೈಲಿದ್ದರೆ ಅದರ ಮೇಲೆ ಮುಂದಿನ ಲೆಕ್ಕ ಮಾಡಬಹುದು. ಈ ಭೇದ ಗೊತ್ತಿಲ್ಲದವರ ಪ್ರೋಗ್ರಾಂನಲ್ಲಿ ಉತ್ತರ ಬರುವ ಕಡೆ ‘ನನ್’ (None) ಅಂತ ಬರುತ್ತದೆ, ಏನೂ ಇಲ್ಲ ಅಂತ ಅರ್ಥ. ಪ್ರಿಂಟ್ ಮಾಡುವ ಫಂಕ್ಷನ್ ಒಂದು, ರಿಟರ್ನ್ ಮಾಡುವ ಫಂಕ್ಷನ್ ಒಂದು ಅಕ್ಕಪಕ್ಕ ಇಟ್ಟು ಪುಸ್ತಕ ತೋರಿಸಿದೆಯಾ ನೋಡಿ. ಎಲ್ಲ ಉದಾಹರಣೆಯಲ್ಲೂ ಬರೀ ಪ್ರಿಂಟ್ ಇದ್ದರೆ ಆ ಪುಸ್ತಕ ನನಗೆ ಬೇಡ.

ಮೂರನೆಯದು, ಎರರ್ ಮೆಸೇಜ್ ಅಚ್ಚಾಗಿರುವ ಯಾವುದಾದರೂ ಪುಟ. ಕೆಂಪಕ್ಷರದಲ್ಲಿ ಐದಾರು ಸಾಲು ಬಂದಾಗ ಕೊನೆಯ ಸಾಲಿನಿಂದ ಓದಲು ಶುರು ಮಾಡಬೇಕು, ಆಮೇಲೆ ಎಷ್ಟನೇ ಸಾಲಿನಲ್ಲಿ ತಪ್ಪಾಗಿದೆ ಅಂತ ನೋಡಬೇಕು. ಇದನ್ನು ಯಾರೂ ಹೇಳಿಕೊಡದೆ ಹೊಸಬರಿಗೆ ಗೊತ್ತಾಗುವುದಿಲ್ಲ. ಇಡೀ ಪುಸ್ತಕದಲ್ಲಿ ಒಂದೂ ಎರರ್ ಇಲ್ಲದೆ ಎಲ್ಲ ಪ್ರೋಗ್ರಾಮೂ ಮೊದಲ ಸಲಕ್ಕೇ ಓಡಿದ್ದರೆ, ನಿಮ್ಮ ದಿನದ ಅರ್ಧ ಕೆಲಸವನ್ನು ಆ ಪುಸ್ತಕ ಹೇಳಿಕೊಡುತ್ತಲೇ ಇಲ್ಲ. ಪುಸ್ತಕದಲ್ಲಿರುವ ಮೆಸೇಜಿಗೂ ನಿಮ್ಮ ಪರದೆಯ ಮೆಸೇಜಿಗೂ ಒಂದೆರಡು ಪದ ವ್ಯತ್ಯಾಸ ಇದ್ದರೆ ಗಾಬರಿ ಬೇಡ. 3.10ರಿಂದ ಪೈಥಾನ್‌ನ ಎರರ್ ಮೆಸೇಜ್‌ಗಳು ಇನ್ನೂ ಸ್ಪಷ್ಟವಾಗಿವೆ.

ಹೆಜ್ಜೆ 4: ಒಂದು ಅಧ್ಯಾಯ ಕೈಯಾರೆ ಟೈಪ್ ಮಾಡಿ

ಇನ್ನೂ ದುಡ್ಡು ಕೊಡಬೇಡಿ. ಉಚಿತ ಪುಸ್ತಕವಾದರೆ ತೊಂದರೆಯೇ ಇಲ್ಲ. ಬೇರೆಯವಕ್ಕೂ ಪ್ರಕಾಶಕರ ಜಾಲತಾಣದಲ್ಲಿ ಮಾದರಿ ಅಧ್ಯಾಯ ಸಾಮಾನ್ಯವಾಗಿ ಸಿಗುತ್ತದೆ. ಅದನ್ನು ತೆರೆದು ಮುಕ್ಕಾಲು ಗಂಟೆ ಕೂತು ಪ್ರತಿ ಸಾಲೂ ಟೈಪ್ ಮಾಡಿ ಓಡಿಸಿ.

ಕಾಪಿ ಪೇಸ್ಟ್ ಬೇಡ. ಪಿಡಿಎಫ್‌ನಿಂದ ಕಾಪಿ ಮಾಡಿದರೆ ನೆಟ್ಟಗಿರಬೇಕಾದ ಉದ್ಧರಣ ಚಿಹ್ನೆ ಕೆಲವೊಮ್ಮೆ ಬಾಗಿದ ಚಿಹ್ನೆಯಾಗಿ ಬರುತ್ತದೆ. ಕಣ್ಣಿಗೆ ಎರಡೂ ಒಂದೇ, ಪೈಥಾನ್‌ಗೆ ಮಾತ್ರ ಬೇರೆ ಬೇರೆ. ಸಿಂಟ್ಯಾಕ್ಸ್ ಎರರ್ ಕೊಟ್ಟು ನಿಲ್ಲುತ್ತದೆ. ಸಾಲಿನ ಮುಂದಿನ ಖಾಲಿ ಜಾಗವೂ ಹಾಗೇ. ಪೈಥಾನ್‌ನಲ್ಲಿ ಯಾವ ಸಾಲು ಯಾವುದರ ಒಳಗಿದೆ ಎಂಬುದನ್ನು ಹೇಳುವುದೇ ಆ ಜಾಗ, ರೂಢಿಯಲ್ಲಿ ನಾಲ್ಕು ಸ್ಪೇಸ್. ಆದ್ದರಿಂದ ಅಚ್ಚಿನ ಪುಸ್ತಕ ಹಿಡಿದಾಗ, ಒಂದು ಪ್ರೋಗ್ರಾಂ ಪುಟದ ಕೊನೆಯಲ್ಲಿ ಅರ್ಧಕ್ಕೆ ನಿಂತು ಮುಂದಿನ ಪುಟಕ್ಕೆ ಹೋಗುವ ಜಾಗವನ್ನು ಹುಡುಕಿ ನೋಡಿ. ಮುಂದಿನ ಪುಟದ ಮೊದಲ ಸಾಲು ಎಷ್ಟು ಒಳಗಿದೆ ಅಂತ ಬರಿಗಣ್ಣಿಗೆ ಗೊತ್ತಾಗಬೇಕು. ಕಳಪೆ ಅಚ್ಚಿನ ಪುಸ್ತಕದಲ್ಲಿ ಎಲ್ಲ ಸಾಲೂ ಎಡಕ್ಕೆ ಅಂಟಿರುತ್ತವೆ. ಅದು ಬೇರೆ ಭಾಷೆಯಲ್ಲಾದರೆ ನಡೆಯುತ್ತಿತ್ತು. ಇಲ್ಲಿ ಪ್ರೋಗ್ರಾಮೇ ಕೆಟ್ಟುಹೋಗುತ್ತದೆ.

ಟೈಪ್ ಮಾಡುವಾಗ ಪುಸ್ತಕದ ಇನ್‌ಸ್ಟಾಲ್ ಪಾಠವನ್ನೂ ಅನುಸರಿಸಿ ನೋಡಿ. ವಿಂಡೋಸ್‌ನಲ್ಲಿ ಪೈಥಾನ್ ಹಾಕುವಾಗ ‘ಪಾತ್’ಗೆ ಸೇರಿಸು ಎಂಬ ಚಿಕ್ಕ ಚೌಕಕ್ಕೆ ಟಿಕ್ ಹಾಕುವುದನ್ನು ಮರೆತು ಎರಡು ದಿನ ಕಳೆದವರಿದ್ದಾರೆ. ಒಳ್ಳೆಯ ಪುಸ್ತಕ ಆ ಚೌಕವನ್ನು ತೋರಿಸುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಆಂಡ್ರಾಯ್ಡ್ ಫೋನ್‌ನಲ್ಲಿ ಪೈಡ್ರಾಯ್ಡ್ 3 ಹಾಕಿಕೊಂಡು ಮೊದಲ ಅಧ್ಯಾಯಗಳನ್ನು ಮಾಡಬಹುದು. ಬ್ರೌಸರ್‌ನಲ್ಲಿ ಗೂಗಲ್ ಕೊಲಾಬ್ ಕೂಡ ಇದೆ.

ಮುಕ್ಕಾಲು ಗಂಟೆ ಆದಮೇಲೆ ಪುಸ್ತಕ ಮುಚ್ಚಿ, ಈಗ ಕಲಿತದ್ದರಲ್ಲಿ ಒಂದು ಚಿಕ್ಕ ಪ್ರೋಗ್ರಾಂ ನೆನಪಿನಿಂದ ಬರೆಯಿರಿ. ಅರ್ಧಂಬರ್ಧ ಬಂದರೂ ಸರಿ, ಆ ಪುಸ್ತಕ ನಿಮಗೆ ಒಗ್ಗುತ್ತದೆ.

ಹೆಜ್ಜೆ 5: ಇಂಗ್ಲಿಷ್ ಎಷ್ಟು ಗಟ್ಟಿ, ಅಳೆಯಿರಿ

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ನಾಚಿಕೆಯ ವಿಷಯ ಆಗಬಾರದು. ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡದಲ್ಲೇ ಓದಿದವಳು. ಪುಸ್ತಕದ ನಡುವಿನ ಯಾವುದಾದರೂ ಒಂದು ಪುಟವನ್ನು ಜೋರಾಗಿ ಓದಿ. ಗೊತ್ತಿಲ್ಲದ ಪದಕ್ಕೆ ಪೆನ್ಸಿಲ್ ಗೆರೆ ಹಾಕಿ. ಕೋಡಿಗೆ ಸಂಬಂಧಪಟ್ಟ ಪದ ಲೆಕ್ಕಕ್ಕಿಲ್ಲ, ಅದು ಎಲ್ಲರಿಗೂ ಹೊಸದೇ. ಉಳಿದ ಪದಗಳಲ್ಲಿ ಹತ್ತಕ್ಕಿಂತ ಜಾಸ್ತಿ ಗೆರೆ ಬಿದ್ದರೆ ಇನ್ನೊಂದು ಪುಸ್ತಕ ನೋಡಿ. ತಮಾಷೆ ಮಾಡುತ್ತಾ, ಅಮೆರಿಕದ ಟಿವಿ ಕಾರ್ಯಕ್ರಮಗಳ ಮಾತು ತರುತ್ತಾ ಬರೆದ ಪುಸ್ತಕಗಳು ಅಲ್ಲಿಯವರಿಗೆ ಹಗುರ, ನಮಗೆ ಭಾರ. ಚಿಕ್ಕ ವಾಕ್ಯದಲ್ಲಿ ನೇರವಾಗಿ ಬರೆದದ್ದೇ ನಮಗೆ ಒಳ್ಳೆಯದು.

ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟು, ಪ್ರತಿ ಅಧ್ಯಾಯ ಮುಗಿದ ಮೇಲೆ ಒಂದು ಪುಟ ಕನ್ನಡದಲ್ಲಿ ಬರೆಯಿರಿ. ಪೈಥಾನ್‌ನ ಡಿಕ್ಷನರಿ (ಒಂದು ಹೆಸರಿಗೆ ಒಂದು ಬೆಲೆ ಜೋಡಿಸಿ ಇಡುವ ರೀತಿ) ಅಂದರೆ ಏನು ಅಂತ ನಿಮ್ಮ ಮಾತಲ್ಲಿ ಬರೆಯಲು ಆಗದಿದ್ದರೆ ಇನ್ನೂ ಅರ್ಥವಾಗಿಲ್ಲ ಅಂತ ಅಲ್ಲೇ ಗೊತ್ತಾಗುತ್ತದೆ.

ಪುಸ್ತಕದ ಉದಾಹರಣೆಗಳನ್ನು ಕನ್ನಡದಲ್ಲೂ ಮಾಡಿ ನೋಡಿ, ಪೈಥಾನ್ 3 ಕನ್ನಡ ಅಕ್ಷರಗಳನ್ನು ಚೆನ್ನಾಗಿ ನಿಭಾಯಿಸುತ್ತದೆ. ವೇರಿಯಬಲ್‌ಗೆ ‘ಹೆಸರು’ ಅಂತಲೇ ಹೆಸರಿಡಬಹುದು. ಉದ್ಧರಣ ಚಿಹ್ನೆಯೊಳಗೆ ೨೫ ಅಂತ ಕನ್ನಡ ಅಂಕಿ ಬರೆದು ಇಂಟ್‌ಗೆ ಕೊಟ್ಟರೆ 25 ಅಂತ ಸಂಖ್ಯೆ ಸಿಗುತ್ತದೆ. ‘ಕನ್ನಡ’ ಎಂಬ ಪದದ ಉದ್ದ ಕೇಳಿದರೆ 5 ಅನ್ನುತ್ತದೆ, ನಮಗೆ ಕಾಣುವುದು ಮೂರೇ ಅಕ್ಷರ. ಒತ್ತಕ್ಷರವನ್ನು ನ, ಅರ್ಧಾಕ್ಷರದ ಚಿಹ್ನೆ (್), ಮತ್ತೆ ನ ಅಂತ ಮೂರಾಗಿ ಎಣಿಸುತ್ತದೆ. ಸ್ಟ್ರಿಂಗ್ (ಅಕ್ಷರಗಳ ಸರ) ಅಧ್ಯಾಯ ನನಗೆ ನಿಜವಾಗಿ ಅರ್ಥವಾದದ್ದು ಇದನ್ನು ಮಾಡಿ ನೋಡಿದ ಸಂಜೆ.

ಹೆಜ್ಜೆ 6: ಅಭ್ಯಾಸ, ಬೆಲೆ, ಅಚ್ಚು

ಅಧ್ಯಾಯದ ಕೊನೆಯಲ್ಲಿ ಮಾಡಲು ಕೆಲಸ ಇರಬೇಕು. ‘ಲಿಸ್ಟ್ ಎಂದರೇನು’ ಎಂಬಂಥ ಪ್ರಶ್ನೆ ಸಾಲದು, ಲಿಸ್ಟ್ ಬಳಸಿ ಏನಾದರೂ ಮಾಡಿಸುವ ಪ್ರಶ್ನೆ ಬೇಕು. ಉತ್ತರ ಪುಸ್ತಕದ ಹಿಂದೆ ಅಥವಾ ಜಾಲತಾಣದಲ್ಲಿ ಇದ್ದರೆ ಒಬ್ಬರೇ ಕಲಿಯುವವರಿಗೆ ಅನುಕೂಲ.

ಒರೈಲಿ ಪ್ರಕಾಶನದ ಪುಸ್ತಕಗಳನ್ನು ಭಾರತದಲ್ಲಿ ಶ್ರಾಫ್ ಪಬ್ಲಿಷರ್ಸ್ ಕಡಿಮೆ ಬೆಲೆಗೆ ಅಚ್ಚು ಹಾಕುತ್ತಾರೆ. ಇವು ಕಪ್ಪು ಬಿಳುಪಿನಲ್ಲಿ ಬರುತ್ತವೆ. ಬರೀ ಕೋಡ್ ಇರುವ ಪುಸ್ತಕಕ್ಕೆ ಇದರಿಂದ ನಷ್ಟವಿಲ್ಲ. ಗ್ರಾಫ್‌ನಲ್ಲಿ ಕೆಂಪು ಗೆರೆ ನೋಡಿ, ನೀಲಿ ಗೆರೆ ನೋಡಿ ಅನ್ನುವ ಪುಸ್ತಕವಾದರೆ ಮಾತ್ರ ಯೋಚಿಸಿ.

ಕದ್ದ ಪಿಡಿಎಫ್ ಹುಡುಕಬೇಡಿ. ಲೇಖಕರೇ ಉಚಿತವಾಗಿ ಕೊಟ್ಟಿರುವ ಇಷ್ಟು ಒಳ್ಳೆಯ ಪುಸ್ತಕಗಳಿರುವಾಗ ಅದರ ಅವಶ್ಯಕತೆಯೇ ಇಲ್ಲ. ಉಚಿತ ಪುಸ್ತಕ ಇಷ್ಟವಾಗಿ, ಕೈಲಿ ದುಡ್ಡಿದ್ದರೆ ಅಚ್ಚಿನ ಪ್ರತಿ ಕೊಳ್ಳಿ. ಪರದೆಯಲ್ಲಿ ಕೋಡ್, ಪಕ್ಕದಲ್ಲಿ ಕಾಗದದ ಪುಸ್ತಕ, ಹೀಗೆ ಕಲಿಯುವುದು ಕಣ್ಣಿಗೂ ಹಿತ.

ಹೆಜ್ಜೆ 7: ಒಂದೇ ಪುಸ್ತಕ, ಪಟ್ಟಾಗಿ

ಆರಿಸಿದ ಮೇಲೆ ಅರ್ಧ ದಾಟುವವರೆಗೆ ಪುಸ್ತಕ ಬದಲಿಸಬೇಡಿ. ಒಂದು ವಿಷಯ ಎರಡು ಸಲ ಓದಿದರೂ ತಲೆಗೆ ಹೋಗದಿದ್ದರೆ ಅದೊಂದು ವಿಷಯಕ್ಕೆ ಮಾತ್ರ ಇನ್ನೊಂದು ಪುಸ್ತಕ ನೋಡಿ, ಓದಿ, ವಾಪಸ್ ಬನ್ನಿ. ಎಲ್ಲ ಪುಸ್ತಕದ ಮೊದಲ ಮೂರು ಅಧ್ಯಾಯ ಓದಿರುವ, ನಾಲ್ಕನೆಯದನ್ನು ಒಂದರಲ್ಲೂ ಓದಿರದ ಹುಡುಗರು ನನಗೆ ಗೊತ್ತು.

ಅಕ್ಕನ ಮಗಳ ಚೀಟಿಯಲ್ಲಿ “ಅಪ್ಪನ ಅಂಗಡಿ ಲೆಕ್ಕ” ಅಂತಿತ್ತು. ಸ್ವೈಗಾರ್ಟ್ ಪುಸ್ತಕವನ್ನು ಜಾಲತಾಣದಲ್ಲೇ ಓದಲು ಶುರು ಮಾಡಿದಳು. ದಿನಕ್ಕೆ ಒಂದು ಗಂಟೆ, ಭಾನುವಾರ ರಜೆ. ಎರಡೂವರೆ ತಿಂಗಳಿಗೆ, ಭಾವನ ಅಂಗಡಿಯ ಹನ್ನೆರಡು ತಿಂಗಳ ಎಕ್ಸೆಲ್ ಶೀಟುಗಳನ್ನು ತೆರೆದು ಯಾವ ಸಾಮಾನು ಎಷ್ಟು ಹೋಯಿತು ಅಂತ ಒಟ್ಟು ಮಾಡುವ ಪ್ರೋಗ್ರಾಂ ಬರೆದಳು. ಮೊನ್ನೆ ಅದರ ಸ್ಕ್ರೀನ್‌ಶಾಟ್ ಕಳಿಸಿ ಫೋನ್ ಮಾಡಿದ್ದಳು. ಒಂದೇ ಸಾಮಾನಿಗೆ ಭಾವ ಮೂರು ರೀತಿ ಕಾಗುಣಿತ ಬರೆದಿದ್ದಾರಂತೆ, ಅದನ್ನು ಡಿಕ್ಷನರಿಯಲ್ಲಿ ಹೇಗೆ ಸೇರಿಸೋದು ಅಂತ ಅವಳ ಪ್ರಶ್ನೆ.

“ಆ ದಪ್ಪ ಪುಸ್ತಕ ಇದೆಯಾ ಇನ್ನೂ?” ಅಂತ ಕೇಳಿದೆ.

“ಇದೆ ಚಿಕ್ಕಮ್ಮಾ, ಟಿವಿ ಸ್ಟ್ಯಾಂಡ್ ಕೆಳಗೆ.”

“ತೆಗಿ. ಹಿಂದೆ ಇಂಡೆಕ್ಸ್‌ನಲ್ಲಿ ಡಿಕ್ಷನರಿ ಅಂತ ಹುಡುಕು. ಆ ಅಧ್ಯಾಯ ಈಗ ಓದು, ಅರ್ಥ ಆಗುತ್ತೆ.”